ಪದ್ದಣ್ಣ ಪೈಪು ಮುಟ್ಟಿದ ಕಥೆ

ಪುತ್ತೂರಿನ ಯಾವ ಗ್ಯಾರೇಜಿನಲ್ಲಿ ಕುಳಿತರೂ ಎರಡನೇ ಚಹಾದ ಹೊತ್ತಿಗೆ ಈ ಕಥೆ ಬರುತ್ತದೆ. ಒಂದು ಪಿಕಪ್ಪಿನ ಮೈಲೇಜ್ ಬಿದ್ದಿದೆ. ಕಾರಣ ಯಾರಿಗೂ ಸಿಗುತ್ತಿಲ್ಲ. ಡ್ರೈವರನ ಮೇಲೆ ಡೀಸೆಲ್ ಮಾರಿದ ಗುಮಾನಿ. ಓದಿದ ಹುಡುಗನೊಬ್ಬ ಸ್ಕ್ಯಾನರ್ ಸಿಕ್ಕಿಸಿಕೊಂಡು ತಡಕಾಡುತ್ತಿದ್ದಾನೆ. ಆಗ ಪದ್ದಣ್ಣ ಕುರ್ಚಿಯಿಂದ ಎದ್ದು ಬಂದು, ರೇಡಿಯೇಟರಿಗೆ ಹೋಗುವ ಪೈಪಿನ ಮೇಲೆ ಒಮ್ಮೆ ಕೈ ಇಟ್ಟು, ರೋಗ ಹೇಳಿಬಿಡುತ್ತಾರೆ. ಡ್ರೈವರನ ಮಾನ ಉಳಿಯುತ್ತದೆ. ಕೇಳಿದವರು ತಲೆದೂಗುತ್ತಾರೆ. ಚಹಾದ ಲೋಟ ಖಾಲಿ.

ಆ ಓದಿದ ಹುಡುಗ ನಾನು. ಕಥೆಯಲ್ಲಿ ಸುಳ್ಳಿಲ್ಲ. ಪದ್ದಣ್ಣ ಎದ್ದು ಬಂದದ್ದು ನಿಜ, ಮುಟ್ಟಿದ್ದು ನಿಜ, ಹೇಳಿದ ರೋಗವೂ ಸರಿ. ಆದರೂ ಕಥೆ ಸರಿಯಿಲ್ಲ. ಐಟಿಐ ಮುಗಿಸಿ ಗ್ಯಾರೇಜಿಗೆ ಇಳಿಯುವ ಹುಡುಗರಿಗೆ ಇದನ್ನು ಅನುಭವದ ಮಹಿಮೆ ಎಂದು ಹೇಳುತ್ತಾರೆ: ಯಂತ್ರ ಬೇಡ, ಪರೀಕ್ಷೆ ಬೇಡ, ಕೈ ಸಾಕು. ಸಾಲದು. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ದಿನ ಪದ್ದಣ್ಣ ಹೇಳಿದ ಮಾತನ್ನು ಯಾವ ಕೈಯೂ ತಿಳಿದು ಹೇಳಲು ಸಾಧ್ಯವಿರಲಿಲ್ಲ.

ನಿವೃತ್ತ ಮೆಕ್ಯಾನಿಕ್ ಎಂದು ಬರೆದುಕೊಂಡರೆ ನಗುವವರಿದ್ದಾರೆ, ನನಗಿನ್ನೂ ನಲವತ್ತಾಗಿಲ್ಲ. ಡೀಸೆಲ್ಲು, ಗ್ರೀಸು ತಾಗಿದರೆ ಅಂಗೈ ಬಿರಿದು ನೀರೊಸರುವ ಕಾಯಿಲೆ ಬಂತು. ಗ್ಲೌಸು ಹಾಕಿ ನೋಡಿದೆ, ಮುಲಾಮು ಹಚ್ಚಿ ನೋಡಿದೆ. ಕೊನೆಗೆ ಚರ್ಮದ ಡಾಕ್ಟರು, "ಕಸುಬು ಬಿಡ್ತೀರಾ, ಕೈ ಬಿಡ್ತೀರಾ, ನೀವೇ ಹೇಳಿ" ಎಂದರು. ಕಸುಬು ಬಿಟ್ಟೆ. ಈಗ ಸ್ಪೇರ್‌ಪಾರ್ಟ್ಸ್ ಅಂಗಡಿಯ ಕೌಂಟರಿನ ಹಿಂದೆ ಕುಳಿತಿದ್ದೇನೆ. ಕುಳಿತಿದ್ದೇನೆ ಎನ್ನುವುದು ಬರೀ ಮಾತಿಗೆ. ರಸ್ತೆಯಲ್ಲಿ ಯಾವುದಾದರೂ ಇಂಜಿನ್ ಮಿಸ್ ಹೊಡೆದರೆ ಗಿರಾಕಿಯನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತೇನೆ. ಅದು ದರ್ಬೆ ತಿರುವು ದಾಟಿ ಹೋಗುವವರೆಗೆ ನನಗೆ ಸಮಾಧಾನವಿಲ್ಲ.

ಕಾಲೇಜಿನಲ್ಲಿ ನನಗೆ ಬಂದದ್ದು ಒಂದೇ ವಿದ್ಯೆ, ಚರ್ಚಾಸ್ಪರ್ಧೆ. ಮನೆಯ ಕಪಾಟಿನಲ್ಲಿ ಬಟ್ಟೆಗಿಂತ ಶೀಲ್ಡು ಹೆಚ್ಚಿದ್ದವು. ಶೀಲ್ಡು ನೋಡಿ ಯಾರೂ ಕೆಲಸ ಕೊಡಲಿಲ್ಲ. ಡೀಸೆಲ್ ಮೆಕ್ಯಾನಿಕ್ ಕೋರ್ಸು ಮಾಡಿ ಪದ್ದಣ್ಣನ ಗ್ಯಾರೇಜಿಗೆ ಹೋದೆ.

"ಪರ ಮಾತಾಡ್ಲಿಕ್ಕೆ ಬರುದಾ, ವಿರೋಧವಾ?" ಎಂದು ಮೊದಲ ದಿನವೇ ಕೇಳಿದರು.

"ಎರಡೂ."

"ಒಳ್ಳೇದಾಯ್ತು. ನಟ್ಟು ಬಿಚ್ಚುದು, ಕಟ್ಟುದು, ಎರಡೂ ಕಲಿ."

ಅಂದಿನಿಂದ ನಾನು ಗ್ಯಾರೇಜಿಗೆ "ವಕೀಲ". ಪದ್ದಣ್ಣ ಕೆಟ್ಟ ಗುರುವಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಇಂಜಿನ್ನಿಗೆ ತಾಗಿಸಿ, ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದರು. ಹತ್ತರಲ್ಲಿ ಎಂಟು ಸಲ ಸರಿಯಾಗುತ್ತಿತ್ತು. ತೊಂದರೆ ಉಳಿದ ಎರಡರದ್ದು. ಆ ಎರಡನ್ನು ಯಾರೂ ನೆನಪಿಡುತ್ತಿರಲಿಲ್ಲ. ಗಾಡಿಯ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಬಂದಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಕಾಯಿಲೆ ಹೇಳುದಿಲ್ಲ ಮಾರಾಯ, ಜಾತಕ ಹೇಳುದು" ಎಂದಿದ್ದರು. ಅದರಲ್ಲೂ ಅರ್ಧ ಸತ್ಯವಿತ್ತು.

ಮೈಲೇಜ್ ಬಿದ್ದ ಗಾಡಿ ಮೆಕ್ಯಾನಿಕ್ಕನಿಗೆ ದೊಡ್ಡ ಪೀಡೆ. ಬ್ರೇಕ್ ಹಿಡಿಯದಿದ್ದರೆ ಗೊತ್ತಾಗುತ್ತದೆ, ಗೇರ್ ಬೀಳದಿದ್ದರೆ ಗೊತ್ತಾಗುತ್ತದೆ. ಮೈಲೇಜ್ ಬೀಳುವುದಕ್ಕೆ ಸದ್ದಿಲ್ಲ, ವಾಸನೆಯಿಲ್ಲ. ಸುಳ್ಯದಿಂದ ರಬ್ಬರ್ ಹಾಲು ತರುವ ಗಾಡಿಯೊಂದಕ್ಕೆ ಪದ್ದಣ್ಣ ಇಂಜೆಕ್ಟರ್ ಬಿಚ್ಚಿಸಿದರು, ಪಂಪು ಮಂಗಳೂರಿಗೆ ಕಳಿಸಿದರು, ಫಿಲ್ಟರು ಬದಲಾಯಿಸಿದರು. ಏನೂ ಆಗಲಿಲ್ಲ. ಕೊನೆಗೆ ಅದರ ಮಾಲೀಕ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಲು ಮರೆತು ಇಳಿದರೆ ಗಾಡಿ ಇದ್ದಲ್ಲೇ ನಿಂತಿತ್ತಂತೆ. ಹಿಂದಿನ ಬ್ರೇಕು ಸದಾ ಕಚ್ಚಿಕೊಂಡಿತ್ತು. "ಗಾಡಿಯೇ ಬಾಯಿ ಬಿಟ್ಟು ಹೇಳ್ತಾ ಉಂಟು, ನೀವು ಕಿವಿಗೆ ಸ್ಕ್ರೂಡ್ರೈವರ್ ಹಾಕಿ ಕೂತಿದ್ದೀರಿ" ಎಂದು ಬೈದು ಹೋದ. ಹುಡುಗರೇ, ಬಾನೆಟ್ ತೆಗೆಯುವ ಮೊದಲು ಗಾಡಿಯನ್ನು ಕೈಯಿಂದ ಒಮ್ಮೆ ತಳ್ಳಿ ನೋಡಿ.

ಇಷ್ಟೆಲ್ಲ ನೋಡುವುದು ಆಮೇಲೆ. ನಮ್ಮ ಕಸುಬಿನಲ್ಲಿ ಮೈಲೇಜ್ ಬಿದ್ದರೆ ಮೊದಲು ಬಿಚ್ಚುವುದು ಡ್ರೈವರನ ಮಾನವನ್ನು.

ಇಚಿಲಂಪಾಡಿಯ ಉಮರ್ ಹಾಜಿಯವರು ಬಾಳೆಗೊನೆ, ಅಡಿಕೆ ಖರೀದಿಸಿ ಪುತ್ತೂರಿಗೆ ಕಳಿಸುವ ವ್ಯಾಪಾರಿ. ಅವರ ಪಿಕಪ್ಪನ್ನು ಓಡಿಸುತ್ತಿದ್ದವನು ಸುಳ್ಯ ಕಡೆಯ ಕುಶಾಲಪ್ಪ. ಅವರಲ್ಲಿಗೆ ಸೇರಿ ಎಷ್ಟು ಕಾಲವಾಗಿತ್ತೆಂದರೆ ಹಾಜಿಯವರ ಹೆಂಡತಿ ಬೀಫಾತುಮ್ಮ ಅವನ ಊಟಕ್ಕೆ ಬೇರೆ ಬಟ್ಟಲು ತೆಗೆದಿಡುತ್ತಿದ್ದರು. ಸಂಕ್ರಮಣದ ದಿನ ಮೀನಿನ ಸಾರು ಬದಿಗಿಟ್ಟು ಅವನಿಗೆಂದೇ ಅಲಸಂಡೆ ಪಲ್ಯ ಮಾಡುತ್ತಿದ್ದರು. ಅವನು ಅವರ ಮನೆಮಾತು ಬ್ಯಾರಿಯಲ್ಲಿ ಜಗಳಾಡುವಷ್ಟು ಆ ಮನೆಯವನಾಗಿದ್ದ.

ಆ ಮಳೆಗಾಲ ಗಾಡಿ ಲೀಟರಿಗೆ ಹದಿಮೂರು ಕೊಡುತ್ತಿದ್ದದ್ದು ಹನ್ನೊಂದಕ್ಕೆ ಇಳಿಯಿತು. ಹಾಜಿಯವರು ಗಲ್ಫಿನಲ್ಲಿ ಲಾರಿಗಳ ಯಾರ್ಡ್ ನೋಡಿಕೊಂಡು ಬಂದವರು, ಇಂಥದ್ದು ಅವರ ಕಣ್ಣಿಗೆ ಬೇಗ ಬೀಳುತ್ತಿತ್ತು. ಗ್ಯಾರೇಜಿಗೆ ತಂದರು. ಪದ್ದಣ್ಣ ಬಾನೆಟ್ ಎತ್ತಿ ಸ್ಕ್ರೂಡ್ರೈವರನ್ನು ಕಿವಿಗೆ ಹಿಡಿದರು.

"ಇಂಜಿನ್ ಫಸ್ಟ್ ಕ್ಲಾಸ್ ಉಂಟು ಹಾಜಿಯವರೆ."

ಕುಶಾಲಪ್ಪನೂ ಖುಷಿಯಿಂದ ಹೇಳಿದ: "ಬಿಸಿಯೇ ಆಗುದಿಲ್ಲ ಈಗ. ಸೂಜಿ ಅಡಿಯಲ್ಲೇ ಮಲಗಿರ್ತದೆ. ಅಷ್ಟು ತಣ್ಣಗೆ ಓಡ್ತದೆ."

ನಾವೆಲ್ಲ ತಲೆದೂಗಿದೆವು. ಏರಿನಲ್ಲಿ ಗಾಡಿ ಕುದಿಯುವುದಕ್ಕೇ ಹೆದರುವ ಊರಿನವರು ನಾವು. ತಣ್ಣಗಿನ ಇಂಜಿನ್ ಎಂದರೆ ಆರೋಗ್ಯ ಎಂದೇ ಲೆಕ್ಕ. ನಾನು ಮಾತ್ರ, "ಒಂದು ದಿನ ಗಾಡಿ ಬಿಟ್ಟು ಹೋಗಿ, ಎಲ್ಲ ನೋಡ್ತೇನೆ" ಎಂದೆ.

"ಪದ್ದಣ್ಣ ನೋಡಿದ್ರಲ್ಲ ವಕೀಲ್ರೆ, ಮತ್ತೆ ಎಂತ ನೋಡುದು?" ಎಂದರು ಹಾಜಿಯವರು.

ಇಂಜಿನ್ ಸರಿ ಇದ್ದರೆ ತಪ್ಪು ಯಾರದ್ದು? ಹಾಜಿಯವರು ಬಾಯಿಬಿಟ್ಟು ಹೇಳಲಿಲ್ಲ. ಡೀಸೆಲ್ ಟ್ಯಾಂಕಿಗೆ ಬೀಗ ಹಾಕಿಸಿದರು. ಉಳಿದದ್ದನ್ನು ಊರು ಹೇಳಿತು. ಕಡಬದ ಪೇಟೆಯಲ್ಲಿ ಗೊನೆ ಏರಿಸುವವರು, "ಕುಶಾಲಪ್ಪಣ್ಣ, ನಮ್ಮ ಸ್ಪ್ರೇ ಮೆಷಿನ್ನಿಗೂ ಒಂದು ಕ್ಯಾನ್ ಡೀಸೆಲ್ ಮಡಗಿ ಆಯ್ತಾ" ಎಂದು ನಗತೊಡಗಿದರು. ಅವನು ಒಂದು ದಿನ ಗಾಡಿಯನ್ನು ಸೀದಾ ನಮ್ಮ ಗ್ಯಾರೇಜಿಗೆ ತಂದು ನಿಲ್ಲಿಸಿದ. ಹಾಜಿಯವರು ಪಕ್ಕದ ಸೀಟಿನಲ್ಲಿದ್ದರು. ಇಳಿಯುವಾಗಲೇ ಮಾತು ಶುರುವಾಗಿತ್ತು.

"ನಾನು ನಿನ್ನನ್ನು ಕಳ್ಳ ಅಂತ ಹೇಳಿದ್ದುಂಟಾ?"

"ಹೇಳ್ಳಿಲ್ಲ. ಬೀಗ ಹಾಕಿಸಿದ್ರಿ."

ನಾನು ಮಧ್ಯೆ ಬಾಯಿ ಹಾಕಿದೆ. "ಬೀಗ ಹಾಕಿದ ಮೇಲೂ ಮೈಲೇಜ್ ಏರ್ಲಿಲ್ಲ ಅಲ್ವಾ? ಹಾಗಾದ್ರೆ ಅವನು ಕದ್ದದ್ದಲ್ಲ ಅಂತಾಯ್ತು."

"ಅಡಿಯಿಂದ ಪೈಪು ಬಿಚ್ಚಿ ತೆಗೀಲಿಕ್ಕೆ ಆಗುದಿಲ್ವಾ?" ಎಂದರು ಹಾಜಿಯವರು.

"ಆಗ್ತದೆ. ಹಾಗೆ ನೋಡಿದ್ರೆ ನಾನೂ ತೆಗೀಬಹುದು, ನೀವೂ ತೆಗೀಬಹುದು. ಆಗುದು ಬೇರೆ, ಮಾಡಿದ್ದು ಬೇರೆ."

"ಸಾಕು ವಕೀಲ್ರೆ" ಎಂದ ಕುಶಾಲಪ್ಪ. "ನಮ್ಮ ಕುಟುಂಬದ ದೈವದ ಎದುರು ನಿಂತು ಹೇಳ್ತೇನೆ. ಹಾಜಿಯವರು ಬರ್ಲಿ."

ಹಾಜಿಯವರು ಅವನ ಕಡೆ ತಿರುಗಿದರು. "ನಿನ್ನ ದೈವದ ಎದುರು ನೀನು ಹೇಳಿದ್ರೆ ನನಗೆ ಮತ್ತೆ ಎಂತದೂ ಬೇಡ. ಪದ್ದಣ್ಣ, ನೀವೂ ಬನ್ನಿ. ಗಾಡಿ ನೋಡಿದವರು ನೀವು. ಮೂರನೆಯವರು ಒಬ್ರು ಬೇಕಲ್ಲ."

ಪದ್ದಣ್ಣ ಕೈ ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು. "ಬರುವ" ಎಂದರು.

ನನಗೆ ತಡೆಯಲಾಗಲಿಲ್ಲ. ಲೀಟರಿನಲ್ಲಿ ಅಳೆಯುವ ವಸ್ತುವನ್ನು ದೈವದ ಹತ್ತಿರ ಕೇಳುವುದೇನು? ಅಳತೆ ಮಾಡೋಣ, ಡಬ್ಬಿಯಿಂದ ಡೀಸೆಲ್ ಕೊಟ್ಟು ನಾನೇ ಪಕ್ಕದಲ್ಲಿ ಕೂತು ಓಡಿಸಿ ನೋಡೋಣ. ವಾದ ಚೆನ್ನಾಗಿಯೇ ಮಾಡಿದೆ. ಕುಶಾಲಪ್ಪ ಒಂದೇ ಮಾತು ಕೇಳಿದ: "ನೀವು ಅಳೆದು ಹೇಳಿದ್ರೆ ಕಡಬ ಪೇಟೆ ನಂಬ್ತದಾ?"

ನಂಬುತ್ತಿರಲಿಲ್ಲ. ನನಗೆ ದೈವದಲ್ಲಿ ನಂಬಿಕೆಯಿಲ್ಲ.

ಆದರೂ ಗಾಡಿ ಓಡಿಸಿಕೊಂಡು ನಾನೂ ಹೋದೆ. ಕುಶಾಲಪ್ಪನ ಸೋದರಮಾವ ಚೆನ್ನಪ್ಪಜ್ಜ ಆ ಕುಟುಂಬದ ಯಜಮಾನ. ದೈವದ ಗುಡಿಯ ಎದುರು ದೀಪ ಹಚ್ಚಿ ನಿಂತಿದ್ದರು. ಅಂಗಳ ಪಾಚಿಗಟ್ಟಿತ್ತು. ಹಾಜಿಯವರು ಚಪ್ಪಲಿ ಬಿಟ್ಟು ಜಾರದಂತೆ ನನ್ನ ತೋಳು ಹಿಡಿದುಕೊಂಡೇ ಬಂದರು. ಅಜ್ಜ ಮೊದಲು ಹಾಜಿಯವರನ್ನು ಕೇಳಿದರು, "ಇವನು ಆಣೆ ಹಾಕಿದರೆ ನೀವು ಒಪ್ಪುದಾ?" ಒಪ್ಪುತ್ತೇನೆ ಎಂದರು. ಆಮೇಲೆ ಪದ್ದಣ್ಣನ ಕಡೆ ತಿರುಗಿದರು.

"ಈ ವಿಷಯದಲ್ಲಿ ನಿಮಗೆ ಗೊತ್ತಿರುದು ಎಂತಾದ್ರೂ ಉಂಟಾ? ಇದ್ದರೆ ಈಗ ಹೇಳ್ಬೇಕು."

ಪದ್ದಣ್ಣ ಇಲ್ಲವೆಂದು ತಲೆಯಾಡಿಸಿದರು.

ಕುಶಾಲಪ್ಪ ಹೇಳಿದ: "ಹಾಜಿಯವರ ಗಾಡಿಯ ಒಂದು ತೊಟ್ಟು ಡೀಸೆಲ್ ನಾನು ಮಾರಿದ್ದರೆ, ಯಾರಿಗಾದರೂ ಕೊಟ್ಟಿದ್ದರೆ, ನನ್ನ ಮಕ್ಕಳ ಬಟ್ಟಲಿಗೆ ಅನ್ನ ಬೀಳದಿರಲಿ." ಅವನ ಧ್ವನಿ ನಡುಗಲಿಲ್ಲ.

ಮುಗಿಯಿತು ಎಂದುಕೊಂಡೆ. ಅಜ್ಜ ಹೇಳಿದರು, "ಇನ್ನು ಈ ಆಣೆ ಬಿಡಿಸುವವರೆಗೆ ನಿಮ್ಮ ಮನೆಗೂ ಇವನ ಮನೆಗೂ ಅನ್ನ ನೀರು ಇಲ್ಲ."

"ನೀರೂ ಇಲ್ವಾ?" ಎಂದು ಹಾಜಿಯವರು ಕೇಳಿದರು. ಆಣೆಯ ಈ ಕಟ್ಟಳೆ ಅವರಿಗೆ ಗೊತ್ತಿರಲಿಲ್ಲ. ಕುಶಾಲಪ್ಪನಿಗೆ ಗೊತ್ತಿತ್ತು, ಗೊತ್ತಿದ್ದೇ ಬಂದಿದ್ದ.

"ನೀರೂ ಇಲ್ಲ."

ಮರುದಿನವೇ ಹಾಜಿಯವರು ಗಾಡಿಯನ್ನು ನನ್ನ ಎದುರು ತಂದು ನಿಲ್ಲಿಸಿದರು. "ಕುಶಾಲಪ್ಪ ಕದೀಲಿಲ್ಲ. ಹಾಗಾದ್ರೆ ಗಾಡಿಯೇ ಕುಡೀತಾ ಉಂಟು. ಎಷ್ಟು ದಿನ ಬೇಕಾದ್ರೂ ಇಟ್ಟುಕೋ, ಹುಡುಕು." ನನ್ನ ವಾದಕ್ಕೆ ಬಗ್ಗದ ಮನುಷ್ಯ ಆಣೆಗೆ ಬಗ್ಗಿದ್ದರು. ಇದು ನನಗೆ ಇವತ್ತಿಗೂ ಕಿರಿಕಿರಿ. ಪಿಕಪ್ಪಿನ ಕಥೆ ಹೇಳುವವರು ಆಣೆಯನ್ನು ಬಿಟ್ಟು ಹೇಳುತ್ತಾರೆ. ಆದರೆ ಆಣೆ ಆಗದಿದ್ದರೆ ಆ ಬಾನೆಟ್ ಎರಡನೇ ಸಲ ತೆರೆಯುತ್ತಲೇ ಇರಲಿಲ್ಲ.

ಗಾಡಿಯನ್ನು ತಳ್ಳಿ ನೋಡಿದೆ, ಸಲೀಸಾಗಿ ಉರುಳಿತು. ಟಯರಿನ ಗಾಳಿ ಸರಿ. ಫಿಲ್ಟರಿನಲ್ಲಿ ಅಡಿಕೆ ಸಿಪ್ಪೆಯ ಧೂಳು ಇತ್ತು, ಬದಲಾಯಿಸಿದೆ, ಹೆಚ್ಚು ವ್ಯತ್ಯಾಸವಾಗಲಿಲ್ಲ. ಎಲ್ಲೂ ಸೋರಿಕೆ ಇಲ್ಲ. ಇಂಜೆಕ್ಟರ್ ಸರಿ. ಸ್ಕ್ಯಾನರ್ ಸಿಕ್ಕಿಸಿ ಕುಶಾಲಪ್ಪನೊಂದಿಗೆ ಕೆದಂಬಾಡಿಗೆ ಹೋಗಿ ಬಂದೆ. ದಾರಿಯಲ್ಲಿ ಬಾಯಾರಿದಾಗ ಅವನು ತನ್ನದೇ ಬಾಟಲಿಯಿಂದ ಕುಡಿದ. ತೆರೆಯ ಮೇಲೆ ಇಂಜಿನ್ನಿನ ಬಿಸಿ ಏರಲೇ ಇಲ್ಲ. ಅಷ್ಟು ದೂರ ಓಡಿದ ಇಂಜಿನ್ ಹದಕ್ಕೆ ಬರಲೇಬೇಕು. ತಣ್ಣಗಿದ್ದರೆ ಗಾಡಿಯ ಕಂಪ್ಯೂಟರು ಇನ್ನೂ ಬೆಳಗ್ಗೆ ಎಂದುಕೊಂಡು ಡೀಸೆಲ್ ಹೆಚ್ಚು ಸುರಿಯುತ್ತದೆ. ಬಿಸಿ ತೋರಿಸುವ ಸೆನ್ಸರ್ ಕೆಟ್ಟಿರಬೇಕೆಂದು ಅದನ್ನು ಬಿಚ್ಚಿ ಹಿಡಿದುಕೊಂಡಿದ್ದೆ. ಅದು ಕೆಟ್ಟಿರಲಿಲ್ಲ. ಮತ್ತೆ ಕೂಡಿಸಿದೆ.

ಹಾಜಿಯವರು ನಿಂತಿದ್ದರು, ಕುಶಾಲಪ್ಪ ನಿಂತಿದ್ದ, ಪಕ್ಕದ ಟಯರ್ ಅಂಗಡಿಯವರೂ ಬಂದಿದ್ದರು. ಆಗಲೇ ಪದ್ದಣ್ಣ ಎದ್ದು ಬಂದದ್ದು. ಗಾಡಿ ಸ್ಟಾರ್ಟ್ ಮಾಡಿಸಿ, ಇಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಪೈಪಿನ ಮೇಲೆ ಕೈ ಇಟ್ಟರು.

"ಇದರಲ್ಲಿ ಥರ್ಮೋಸ್ಟಾಟ್ ಇಲ್ಲ."

ಹೊಸಬರಿಗೆ ಹೇಳುತ್ತೇನೆ: ಥರ್ಮೋಸ್ಟಾಟ್ ಎಂದರೆ ಆ ಪೈಪಿನ ಬಾಯಲ್ಲಿ ಕೂರುವ ಸಣ್ಣ ಬಾಗಿಲು. ಇಂಜಿನ್ ಬಿಸಿಯಾಗುವವರೆಗೆ ಮುಚ್ಚಿಕೊಂಡು ನೀರನ್ನು ತಡೆಯುತ್ತದೆ, ಬಿಸಿಯಾದ ಮೇಲೆ ತೆರೆಯುತ್ತದೆ. ಘಾಟಿಯಲ್ಲಿ ಗಾಡಿ ಕುದಿದಾಗ ನಮ್ಮ ಕಡೆಯ ಮೆಕ್ಯಾನಿಕ್ಕರು ಅದನ್ನು ಕಿತ್ತೇ ಬಿಡುವುದುಂಟು; ಕುದಿಯುವುದು ನಿಲ್ಲುತ್ತದೆ, ಗಿರಾಕಿ ಹೊಗಳುತ್ತಾನೆ. ಬಿಚ್ಚಿ ನೋಡಿದೆವು. ಗೂಡು ಖಾಲಿ.

"ಯಾರು ತೆಗೆದದ್ದು ಇದನ್ನು?" ಎಂದರು ಹಾಜಿಯವರು.

"ದಾರಿಯಲ್ಲಿ ಯಾರಾದ್ರೂ ತೆಗೆದಿರ್ಬೇಕು" ಎಂದರು ಪದ್ದಣ್ಣ.

ಟಯರ್ ಅಂಗಡಿಯವನು, "ಕಂಪ್ಯೂಟರ್ ಪಕ್ಕಕ್ಕಿಡು ವಕೀಲ" ಎಂದು ನನ್ನ ಬೆನ್ನಿಗೆ ಗುದ್ದಿದ. ಹಾಜಿಯವರು ಪದ್ದಣ್ಣನ ಎರಡೂ ಕೈ ಹಿಡಿದುಕೊಂಡರು. ಕಥೆ ಹುಟ್ಟಿದ್ದು ಅಲ್ಲಿ.

ನನಗೆ ಸಿಕ್ಕಿದ್ದು ಬೇರೆ. ಪೈಪು ಮುಟ್ಟಿದರೆ ಏನು ತಿಳಿಯುತ್ತದೆ? ಸ್ಟಾರ್ಟ್ ಆದಾಗಿನಿಂದಲೇ ಅದು ನಿಧಾನ ಬೆಚ್ಚಗಾಗುತ್ತಾ ಹೋದರೆ ನೀರಿಗೆ ತಡೆಯಿಲ್ಲ ಎಂದು ತಿಳಿಯುತ್ತದೆ. ಬಾಗಿಲು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೂ ಹಾಗೆಯೇ ಆಗುತ್ತದೆ, ಬಾಗಿಲೇ ಇಲ್ಲದಿದ್ದರೂ ಹಾಗೆಯೇ. ಇವೆರಡನ್ನು ಬೇರೆ ಮಾಡಿ ಹೇಳುವ ಅಂಗೈ ಭೂಮಿಯ ಮೇಲಿಲ್ಲ. ಸಾಮಾನ್ಯವಾಗಿ ಆಗುವುದು ಮೊದಲನೆಯದು. ಯಾವ ಮೆಕ್ಯಾನಿಕ್ಕನೂ "ಕೆಟ್ಟಿದೆ" ಎನ್ನುತ್ತಾನೆ. ಪದ್ದಣ್ಣ "ಇಲ್ಲ" ಎಂದರು.

ಎಲ್ಲರೂ ಹೋದ ಮೇಲೆ ಕೇಳಿದೆ: "ಇಲ್ಲ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಪದ್ದಣ್ಣ ವಾದಕ್ಕೆ ಬರಲಿಲ್ಲ. "ನಾನೇ ತೆಗೆದದ್ದು ಮಾರಾಯ. ಬೇಸಗೆಯಲ್ಲಿ. ಕುಶಾಲಪ್ಪ ತಂಗಿಯ ಮದುವೆಗೆ ಹೋಗಿದ್ದ, ಹಾಜಿಯವರ ಅಳಿಯ ಗಾಡಿ ಕುದಿಸಿಕೊಂಡು ಬಂದಿದ್ದ. ಹೊಸತು ಸಿಕ್ಕಲಿಲ್ಲ. ವಾರ ಬಿಟ್ಟು ಬಾ ಅಂದೆ. ಅವ ಗಲ್ಫಿಗೆ ಹೋದ. ನೀನು ಆಗ ಮಂಗಳೂರಲ್ಲಿ ಸ್ಕ್ಯಾನರ್ ಕಲೀತಾ ಇದ್ದೆ."

ಅಷ್ಟು ಹೇಳಿ ಶಟರ್ ಎಳೆದರು.

ನಾನು ಎರಡೂ ಕಡೆ ಮಾತಾಡಲು ಕಲಿತವನು, ಆದ್ದರಿಂದ ನಿದ್ದೆಯಲ್ಲೂ ಎರಡೂ ಕಡೆ ಮಾತಾಡಿದ್ದೇನೆ. ಪರ: ಒಬ್ಬ ಮೆಕ್ಯಾನಿಕ್ ಬೇಸಗೆಯಿಂದ ಮಳೆಗಾಲದವರೆಗೆ ಎಷ್ಟು ಗಾಡಿ ಮುಟ್ಟುತ್ತಾನೆ? ಮರೆಯುವುದು ಸಹಜ. ಖಾಲಿ ಗೂಡು ಸ್ಕ್ರೂಡ್ರೈವರಿಗೆ ಕೇಳಿಸುವುದಿಲ್ಲ. ಕೆದಂಬಾಡಿಯಿಂದ ಬಂದು ನಾನು, ಬಿಸಿ ಏರುತ್ತಿಲ್ಲ ಎಂದಾಗ ಥಟ್ಟನೆ ನೆನಪಾಗಿರಬಹುದು. ನೆನಪಾದ ಕೂಡಲೇ ಎದ್ದು ಬಂದಿರಬಹುದು. ವಿರೋಧ: ಸೂಜಿ ಏಳುವುದೇ ಇಲ್ಲ ಎಂದು ಕುಶಾಲಪ್ಪ ಮೊದಲ ದಿನವೇ ಹೇಳಿದ್ದ. ನನಗೆ ಹೊಳೆಯದಿರಬಹುದು, ಕಿತ್ತವನ ಕಿವಿಗೆ ಅದು ಬಿದ್ದಿಲ್ಲವೇ? ಮತ್ತೆ, ಆಗ ತಾನೇ ನೆನಪಾದ ಮನುಷ್ಯ "ದಾರಿಯಲ್ಲಿ ಯಾರೋ" ಎನ್ನುವುದೇಕೆ? ನಾಚಿಕೆಗೆ ಎನ್ನುತ್ತದೆ ಪರ ಪಕ್ಷ. ತೀರ್ಪುಗಾರರಿಲ್ಲದ ಸ್ಪರ್ಧೆ ಇದು, ಗಂಟೆ ಹೊಡೆಯುವುದೇ ಇಲ್ಲ.

ಇದು ನನ್ನ ಚಪಲಕ್ಕೆ ಮಾತ್ರ ಬೇಕಾದ ಉತ್ತರವಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಹೊಸ ಥರ್ಮೋಸ್ಟಾಟ್ ಕೂಡಿಸಿದ ಮೇಲೆ ಗಾಡಿ ಮತ್ತೆ ಹದಿಮೂರಕ್ಕೆ ಬಂತು. ಹಾಜಿಯವರೂ ಕುಶಾಲಪ್ಪನೂ ಆಣೆ ಬಿಡಿಸಲು ಒಟ್ಟಿಗೇ ಚೆನ್ನಪ್ಪಜ್ಜನ ಹತ್ತಿರ ಹೋದರು. ಅಜ್ಜ ಒಪ್ಪಲಿಲ್ಲ. "ಅಂದು ಇಲ್ಲಿ ಆಣೆಗೆ ನಿಂತವರು ಮೂರು ಜನ. ಮೂರೂ ಜನ ಬರ್ಬೇಕು. ಅಂದು ಯಾರಿಗೆ ಎಂತ ಗೊತ್ತಿತ್ತು ಅಂತ ಇದೇ ಜಾಗದಲ್ಲಿ ಹೇಳ್ಬೇಕು. ಮತ್ತೆ ಬಿಡಿಸುವ."

ಪದ್ದಣ್ಣ ಹೋಗಲಿಲ್ಲ. ಒಮ್ಮೆ ಮಂಡಿನೋವು. ಒಮ್ಮೆ ಇಂಜಿನ್ ಇಳಿಸಿದ್ದು. ಒಮ್ಮೆ ನೆಂಟರು. ಕುಶಾಲಪ್ಪ ಕೆಲಕಾಲ ಹಾಜಿಯವರ ಗೇಟಿನ ಹೊರಗೆ ಗಾಡಿ ನಿಲ್ಲಿಸಿ, ಮನೆಯಿಂದ ತಂದ ಬುತ್ತಿಯನ್ನು ಸೀಟಿನಲ್ಲೇ ಕೂತು ಉಂಡ. ಬೀಫಾತುಮ್ಮ ಗೇಟಿನವರೆಗೆ ಬಂದು ನಿಲ್ಲುತ್ತಿದ್ದರಂತೆ. ಒಂದು ದಿನ ಕೀ ಕೊಟ್ಟು ಹೋದ. ಈಗ ಸುಳ್ಯದಲ್ಲಿ ಬೇರೆಯವರ ಗಾಡಿ ಓಡಿಸುತ್ತಾನೆ.

ಮೊನ್ನೆ ನನ್ನ ಕೌಂಟರಿಗೆ ಬಂದಿದ್ದ, ಫ್ಯಾನ್ ಬೆಲ್ಟಿಗೆ.

"ತೆಗೆದದ್ದು ಯಾರು ಅಂತ ನನಗೆ ಗೊತ್ತುಂಟು ವಕೀಲ್ರೆ. ಹಾಜಿಯವರ ಅಳಿಯ ಫೋನಿನಲ್ಲಿ ಹೇಳಿದ. ಹಾಜಿಯವರಿಗೂ ಗೊತ್ತುಂಟು. ತೆಗೆದದ್ದಕ್ಕೆ ನನಗೆ ಸಿಟ್ಟಿಲ್ಲ. ಎಲ್ಲರೂ ತೆಗೀತಾರೆ."

"ಮತ್ತೆ?"

"ಬೀಫಾತುಮ್ಮನಿಗೆ ಹುಷಾರಿಲ್ಲ. ನೋಡ್ಲಿಕ್ಕೆ ಹೋಗಿದ್ದೆ. ಬಾಗಿಲಲ್ಲೇ ನಿಂತೆ. ಒಂದು ಲೋಟ ನೀರು ಕುಡಿ ಮೋನೇ ಅಂದ್ರು, ಮಗನನ್ನು ಕರೆದ ಹಾಗೆ. ನನಗೆ ಆಗ್ಲಿಲ್ಲ." ಬೆಲ್ಟಿನ ನಂಬರ್ ನೋಡುವವನಂತೆ ತಲೆ ತಗ್ಗಿಸಿದ. "ಪದ್ದಣ್ಣ ಒಮ್ಮೆ ಬಂದು ಹೋಗ್ಲಿ. ಗೊತ್ತಿತ್ತು ಅಂತ ಹೇಳಿದ್ರೂ ಅಡ್ಡಿಲ್ಲ, ಇರ್ಲಿಲ್ಲ ಅಂತ ಹೇಳಿದ್ರೂ ಅಡ್ಡಿಲ್ಲ."

ಅಂಗಡಿಗೆ ಬೀಗ ಹಾಕಿ ಗ್ಯಾರೇಜಿಗೆ ನಡೆದೇ ಹೋದೆ. ಪದ್ದಣ್ಣ ಯಾರದೋ ಸ್ಕೂಟರಿನ ಕಾರ್ಬ್ಯುರೇಟರ್ ಬಿಚ್ಚಿ ಕೂತಿದ್ದರು. ನನ್ನ ಕೈ ನೋಡಿ, "ಹೇಗುಂಟು ಈಗ?" ಎಂದರು. ವಾಸಿಯಾಗಿದೆ ಎಂದೆ. ಕುಶಾಲಪ್ಪ ಬಂದದ್ದು, ಬೀಫಾತುಮ್ಮ ಮಲಗಿರುವುದು, ನೀರಿನ ಮಾತು, ಎಲ್ಲ ಹೇಳಿದೆ. ಅವರು ಅದರ ಸಣ್ಣ ತೂತಿನ ಜೆಟ್ಟನ್ನು ಬಾಯಿಗಿಟ್ಟು ಊದಿದರು, ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಊದಿದರು.

"ನೀನು ಎಂತ, ಕೋರ್ಟಾ?" ಎಂದರು.

ಅಲ್ಲ ಎಂದೆ. ಆಮೇಲೆ ಇಷ್ಟು ಕಾಲ ಕೇಳದೆ ಉಳಿದದ್ದನ್ನು ಕೇಳಿದೆ.

"ಪದ್ದಣ್ಣ, ಚೆನ್ನಪ್ಪಜ್ಜ ಕೇಳಿದಾಗ ನೀವು ತಲೆಯಾಡಿಸಿದ್ರಲ್ಲ, ಆ ಹೊತ್ತಿಗೆ ನಿಮಗೆ ನೆನಪಿರ್ಲಿಲ್ಲವಾ, ಇತ್ತಾ?"